ಆಧುನಿಕ ಯುದ್ಧಗಳಲ್ಲಿ ಪ್ರಾಚೀನ ಆಯುಧಗಳ ಪುನರಾಗಮನ

೧೯೧೬ನೆಯ ಇಸವಿ ಜೂನ್ ೨೯ರ ಬೆಳಗಿನ ಜಾವ ಇಟಲಿಯ ಈಶಾನ್ಯದ ಗಡಿಯಲ್ಲಿ, ಇಸೋಂಟ್ಸೋ ನದಿಗೆ ಸಮೀಪದ ಸಾನ್ ಮಿಕೇಲೆ ಎಂಬ ಬೆಟ್ಟದ ಮೇಲೆ ಆಸ್ಟ್ರಿಯಾ-ಹಂಗೆರಿಯ ಸೈನ್ಯವು ಕ್ಲೋರೀನ್ ಮತ್ತು ಫಾಸ್‌ಜೀನ್ ಬೆರೆಸಿದ ವಿಷಾನಿಲವನ್ನು ಇಟಲಿಯವರ ಕಂದಕಗಳ ಮೇಲೆ ಹರಿಯಬಿಟ್ಟಿತು. ಅಂದಿನ ರಸಾಯನಶಾಸ್ತ್ರಕ್ಕೆ ತಿಳಿದಿದ್ದ ಅತ್ಯಾಧುನಿಕ ಅಸ್ತ್ರ ಅದು. ಅನಿಲದ ಹಿಂದೆಯೇ ಹಂಗೆರಿಯ ಸೈನಿಕರು ನಡೆದು ಬಂದರು. ಅವರಲ್ಲಿ ಕೆಲವರ ಕೈಯಲ್ಲಿ ಕಬ್ಬಿಣದ ಮುಳ್ಳುಗಳನ್ನು ಜಡಿದ ಗದೆಗಳಿದ್ದುವು. ಉಸಿರು ಕಟ್ಟಿ ನೆಲಕ್ಕೊರಗಿದ್ದವರನ್ನು ಆ ಗದೆಗಳಿಂದ ಬಡಿದು ಕೊಂದರು. ಮಾನವನ ಅತ್ಯಂತ ಹೊಸ ಆಯುಧವೂ ಅತ್ಯಂತ ಹಳೆಯ ಆಯುಧವೂ ಒಂದೇ ಬೆಟ್ಟದ ಮೇಲೆ, ಒಂದೇ ಬೆಳಗಿನಲ್ಲಿ, ಒಂದೇ ಪಡೆಯ ಕೈಯಲ್ಲಿ ಹೀಗೆ ಕೂಡಿ ಕೆಲಸ ಮಾಡಿದುವು.

ಗದೆಯೆಂದೊಡನೆ ಕನ್ನಡ ಓದುಗರಿಗೆ ರನ್ನನ ಕಾವ್ಯವೂ ಭೀಮ ದುರ್ಯೋಧನರ ಕಾಳಗವೂ ನೆನಪಿಗೆ ಬರುವುದು ಸಹಜ. ಅಲ್ಲಿ ಗದೆಯು ರಾಜಾಯುಧ. ಸಮಬಲರಾದ ಇಬ್ಬರು ಹಗಲು ಹೊತ್ತಿನಲ್ಲಿ, ಸಾಕ್ಷಿಗಳ ಸಮಕ್ಷಮದಲ್ಲಿ, ನಿಯಮಕ್ಕೆ ಒಳಪಟ್ಟು ಹಿಡಿಯುವ ಆಯುಧ. ಆ ನಿಯಮದ ಭಂಗವೇ ಆ ಕಥೆಯ ತೊಡಕು. ಇಪ್ಪತ್ತನೆಯ ಶತಮಾನದಲ್ಲಿ ಮರಳಿ ಬಂದ ಗದೆಗೆ ಇಂತಹ ಘನತೆಯೇನೂ ಇರಲಿಲ್ಲ. ಅದು ಕತ್ತಲೆಯ ಆಯುಧ, ಹೆಸರಿಲ್ಲದ ಸಿಪಾಯಿಯ ಆಯುಧ.

ಈ ಪುನರಾಗಮನಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆಯೊಂದುಂಟು: ನಾಗರಿಕತೆಯ ತೆಳುವಾದ ಹೊದಿಕೆ ಹರಿದು ಒಳಗಿನ ಕಾಡುಮನುಷ್ಯ ಹೊರಕ್ಕೆ ಬಂದನೆಂಬುದು. ಕೇಳುವುದಕ್ಕೆ ಇದು ಗಂಭೀರವಾಗಿ ತೋರುತ್ತದೆ. ಆದರೆ ಸಂಗತಿಗಳಿಗೆ ಹೊಂದುವುದಿಲ್ಲ. ಅಂದಿನ ಗದೆಗಳಲ್ಲಿ ಅನೇಕವು ಸೈನ್ಯದ ಬಡಗಿಗಳೂ ಕಮ್ಮಾರರೂ ತಮ್ಮ ಕಾರ್ಯಾಗಾರಗಳಲ್ಲಿ ಮೇಲಧಿಕಾರಿಗಳ ತಿಳಿವಳಿಕೆಯಿಂದಲೇ ತಯಾರಿಸಿದಂಥವು. ಕೋಪದ ಭರದಲ್ಲಿ ಮುರಿದುಕೊಂಡ ಮರದ ಕೊಂಬೆಗಳಲ್ಲ. ಅವುಗಳ ಹಿಂದೆ ಇದ್ದುದು ಆವೇಶವಲ್ಲ, ಲೆಕ್ಕಾಚಾರ. ಆ ಲೆಕ್ಕಾಚಾರವಾವುದೆಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಪ್ರತಿಯೊಂದು ಆಯುಧಕ್ಕೂ ತನ್ನದೇ ಆದ ಒಂದು ಅಂತರವುಂಟು. ಕಠಾರಿಗೆ ಒಂದು ಮೊಳ, ಗದೆಗೆ ಒಂದು ಮಾರು, ಭರ್ಜಿಗೆ ಎರಡು ಮಾರು, ಕವಣೆಗೂ ಬಿಲ್ಲಿಗೂ ನೂರಿನ್ನೂರು ಹೆಜ್ಜೆ. ಶತ್ರುವಿಗೂ ತನಗೂ ನಡುವಣ ಅಂತರವನ್ನು ಹಿಗ್ಗಿಸುತ್ತ ಹೋದುದೇ ಆಯುಧಗಳ ಚರಿತ್ರೆಯೆಂದು ಹತ್ತೊಂಬತ್ತನೆಯ ಶತಮಾನದ ಪಂಡಿತರು ತಿಳಿದಿದ್ದರು. ೧೯೧೪ರಲ್ಲಿ ಬ್ರಿಟಿಷ್ ಸಿಪಾಯಿಯ ಹೆಗಲ ಮೇಲಿದ್ದ ಲೀ-ಎನ್‌ಫೀಲ್ಡ್ ಬಂದೂಕಿನ ಗುರಿಪಟ್ಟಿಯಲ್ಲಿ ಎರಡು ಸಾವಿರ ಗಜದವರೆಗೆ ಗೆರೆಗಳನ್ನು ಕೊರೆದಿದ್ದರು. ಫಿರಂಗಿಗಳಂತೂ ಕಣ್ಣಿಗೆ ಕಾಣದ ಶತ್ರುವನ್ನು ಮೈಲಿಗಳಾಚೆಯಿಂದ ಹೊಡೆಯಬಲ್ಲವಾಗಿದ್ದುವು. ಇಂತಹ ಸೈನ್ಯಕ್ಕೆ ಒಂದು ಮಾರಿನ ಆಯುಧ ಮತ್ತೆ ಬೇಕಾದೀತೆಂದು ಯಾರೂ ಊಹಿಸಿರಲಿಲ್ಲ. ಆದರೆ ದೂರಕ್ಕೆ ಹೊಡೆಯುವ ಶಕ್ತಿ ಮಿತಿಮೀರಿ ಬೆಳೆದುದೇ ಹತ್ತಿರದ ಆಯುಧವನ್ನು ಮರಳಿ ಕರೆತಂದಿತು.

ಅದು ಹೀಗೆ. ಮೆಷಿನ್‌ಗನ್ನುಗಳೂ ಶೀಘ್ರವಾಗಿ ಹಾರುವ ಫಿರಂಗಿಗಳೂ ಬಯಲಿನಲ್ಲಿ ನಿಂತವರನ್ನು ಉಳಿಸಲಿಲ್ಲವಾಗಿ, ೧೯೧೪ರ ಚಳಿಗಾಲದ ಹೊತ್ತಿಗೆ ಎರಡು ಪಕ್ಷದವರೂ ನೆಲವನ್ನು ತೋಡಿಕೊಂಡು ಒಳಗೆ ಇಳಿದರು. ಸ್ವಿಟ್ಜರ್ಲೆಂಡಿನ ಗಡಿಯಿಂದ ಉತ್ತರ ಸಮುದ್ರದವರೆಗೆ ಕಂದಕಗಳ ಸಾಲು ಹಬ್ಬಿತು. ಎದುರುಬದುರು ಕಂದಕಗಳ ನಡುವಿನ ಬಯಲು ಕೆಲವೆಡೆ ನೂರಾರು ಗಜ, ಕೆಲವೆಡೆ ಮೂವತ್ತು ನಲವತ್ತು ಗಜ. ಗಲಿಪೊಲಿಯ ಕ್ವಿನ್ಸ್ ಪೋಸ್ಟ್ ಎಂಬಲ್ಲಿ ಇಪ್ಪತ್ತು ಗಜಕ್ಕೂ ಕಡಮೆ. ಇಷ್ಟು ಹತ್ತಿರದ ಶತ್ರುವಿನ ಮೇಲೆ ಹಿಂದಿನ ದೊಡ್ಡ ಫಿರಂಗಿಗಳನ್ನು ಹಾರಿಸಿದರೆ ಗುಂಡು ತನ್ನವರ ಮೇಲೆಯೇ ಬೀಳುವ ಭಯ. ಬಂದೂಕಿನ ಗುಂಡು ನೆಟ್ಟಗೆ ಹೋಗತಕ್ಕದ್ದು; ನೆಲದೊಳಗೆ ಕುಳಿತವನನ್ನು ಅದು ಮುಟ್ಟದು.

ಕಂದಕದ ಒಳಗಿನ ರಚನೆಯನ್ನು ಸ್ವಲ್ಪ ಗಮನಿಸಬೇಕು. ಅದನ್ನು ನೇರವಾಗಿ ತೋಡುತ್ತಿರಲಿಲ್ಲ. ಕೆಲವು ಗಜಗಳಿಗೊಮ್ಮೆ ಮೂಲೆ ತಿರುಗಿಸಿ, ಕೋಟೆಯ ಹಲ್ಲುಗಳಂತೆ ಒಳಕ್ಕೂ ಹೊರಕ್ಕೂ ಮುರಿಮುರಿಯಾಗಿ ತೋಡುತ್ತಿದ್ದರು. ಒಂದು ಗುಂಡು ಒಳಗೆ ಬಿದ್ದು ಸಿಡಿದರೆ ಅದರ ಚೂರುಗಳು ಒಂದು ಅಂಕಣಕ್ಕೆ ಮಾತ್ರ ತಗಲಿ ಮುಂದಿನದು ಉಳಿಯಲೆಂಬುದೂ, ಶತ್ರುವು ಒಂದು ತುದಿಯನ್ನು ಹಿಡಿದರೆ ಉದ್ದಕ್ಕೂ ಗುಂಡು ಹಾರಿಸಲಾರದಂತಾಗಲೆಂಬುದೂ ಇದರ ಉದ್ದೇಶ. ಉದ್ದೇಶವೇನೋ ಸಾಧಿಸಿತು. ಆದರೆ ಕಂದಕದೊಳಗೆ ನುಗ್ಗಿದವನಿಗೆ ಮುಂದಿನ ಮೂಲೆಯವರೆಗೆ, ಎಂದರೆ ನಾಲ್ಕಾರು ಗಜ, ಅಷ್ಟೇ ಕಾಣುವುದು. ಮೂಲೆಯಾಚೆಗೆ ಯಾರಿರುವರೋ ತಿಳಿಯದು. ಎರಡು ಸಾವಿರ ಗಜದ ಬಂದೂಕನ್ನು ಹಿಡಿದವನ ಪ್ರಪಂಚ ನಾಲ್ಕು ಗಜಕ್ಕೆ ಇಳಿಯಿತು. ಬಯೊನೆಟ್ಟನ್ನು ಸಿಕ್ಕಿಸಿದ ಬಂದೂಕಿನ ಉದ್ದ ಐದು ಅಡಿಗೂ ಮಿಗಿಲು. ಇಕ್ಕಟ್ಟಾದ ಆ ಓಣಿಯಲ್ಲಿ ಅದನ್ನು ತಿರುಗಿಸುವುದೇ ಕಷ್ಟ. ಜರ್ಮನ್ ಸಿಪಾಯಿಗಳಲ್ಲಿ ಹಲವರು ಅದನ್ನು ಬಿಟ್ಟು, ಮಣ್ಣು ತೋಡುವ ಗಿಡ್ಡ ಗುದ್ದಲಿಯ ಅಂಚನ್ನು ಮಸೆದು ಅದನ್ನೇ ಕೊಡಲಿಯಂತೆ ಬಳಸಿದರು.

ಮೂಲೆಯಾಚೆಯ ಶತ್ರುವಿಗೆ ತಕ್ಕ ಆಯುಧವೆಂದರೆ ಮೂಲೆಯ ಮೇಲಿಂದ ಎಸೆಯಬಲ್ಲ ಕೈಬಾಂಬು. ಇದೂ ಹೊಸದೇನಲ್ಲ. ಹದಿನೇಳನೆಯ ಶತಮಾನದ ಯೂರೋಪಿನ ಸೈನ್ಯಗಳಲ್ಲಿ ಕಬ್ಬಿಣದ ಗುಂಡಿಗೆ ಮದ್ದು ತುಂಬಿ ಬತ್ತಿ ಹೊತ್ತಿಸಿ ಎಸೆಯುವುದಕ್ಕೆ ಎತ್ತರದ ಆಳುಗಳನ್ನು ಆರಿಸಿ ‘ಗ್ರೆನೆಡಿಯರ್’ ಪಡೆಗಳನ್ನು ಕಟ್ಟಿದ್ದರು. ಒಳಗೆ ಕಾಳು ತುಂಬಿದ ದಾಳಿಂಬೆಯ ಹಣ್ಣಿನಿಂದಲೇ ಆ ಹೆಸರು ಹುಟ್ಟಿತು. ಕೋಟೆಗಳ ಮುತ್ತಿಗೆ ಹಿಂದೆಬಿದ್ದು ಬಯಲು ಯುದ್ಧ ಮುಂದಾದ ಮೇಲೆ ಆಯುಧ ಮರೆಯಾಗಿ ಹೆಸರು ಮಾತ್ರ ಉಳಿಯಿತು. ಇಲ್ಲೊಂದು ವಿನೋದವುಂಟು. ೧೯೧೫ರಲ್ಲಿ ಕೈಬಾಂಬು ಮರಳಿ ಬಂದು, ಅದನ್ನು ಎಸೆಯುವವರಿಗೆ ಗ್ರೆನೆಡಿಯರ್ ಎಂಬ ಹೆಸರು ಬಳಕೆಯಾದಾಗ, ಲಂಡನ್ನಿನ ಗ್ರೆನೆಡಿಯರ್ ಗಾರ್ಡ್ಸ್ ಪಟಾಲಮು ಆ ಹೆಸರು ತನ್ನೊಬ್ಬನದೇ ಎಂದು ಆಕ್ಷೇಪಿಸಿತು. ನಿಜವಾಗಿ ಎಸೆಯುತ್ತಿದ್ದವರು ‘ಬಾಂಬರ್’ ಎನ್ನಿಸಿಕೊಳ್ಳಬೇಕಾಯಿತು. ಹೀಗೆ ಮರೆಯಾಗಿ ಮರಳಿದ ಆಯುಧಗಳಲ್ಲಿ ಮೈಸೂರಿನ ಅಗ್ನಿಬಾಣವೂ ಒಂದು. ಹೈದರ್ ಟಿಪ್ಪುಗಳ ಕಬ್ಬಿಣದ ಕೊಳವೆಯ ಬಾಣವನ್ನು ನೋಡಿ ಬ್ರಿಟಿಷರು ರಾಕೆಟ್ಟನ್ನು ಕೈಗೊಂಡರು. ಗುರಿ ತಪ್ಪದ ಫಿರಂಗಿಗಳು ಬಂದಮೇಲೆ ಕೈಬಿಟ್ಟರು. ೧೯೪೧ರಲ್ಲಿ ರಷ್ಯನರ ಕತ್ಯೂಷಾ ರೂಪದಲ್ಲಿ ರಾಕೆಟ್ಟು ಮತ್ತೆ ರಣರಂಗಕ್ಕೆ ಬಂದಿತು. ೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಅಗ್ನಿಬಾಣಗಳು ದೊರೆತ ಸಂಗತಿ ಓದುಗರಿಗೆ ತಿಳಿದೇ ಇದೆ. ಆ ಕಥೆ ಬೇರೆಯಾದುದರಿಂದ ಇಲ್ಲಿ ಬೆಳೆಸುವುದಿಲ್ಲ.

ಕೈಬಾಂಬಿನ ಕಥೆಯಲ್ಲಿ ಭಾರತೀಯ ಸೈನಿಕರಿಗೆ ಒಂದು ಸ್ಥಾನವುಂಟು. ಅದು ಸಾಮಾನ್ಯವಾಗಿ ನೆನೆಸಿಕೊಳ್ಳುವುದಕ್ಕಿಂತ ದೊಡ್ಡದು. ಲಾಹೋರ್ ಡಿವಿಷನ್ನು ೧೯೧೪ರ ಸೆಪ್ಟೆಂಬರ್ ೨೬ರಂದು ಮಾರ್ಸೇಲ್ಸ್ ಬಂದರಿಗೆ ಬಂದಿಳಿಯಿತು. ಅದರ ಹಿಂದೆ ಮೀರತ್ ಡಿವಿಷನ್ನು ಬಂದಿತು. ಅಕ್ಟೋಬರ್ ಮುಗಿಯುವುದರೊಳಗೆ ಇಬ್ಬರೂ ಫ್ರಾನ್ಸ್ ಬೆಲ್ಜಿಯಮ್ ಗಡಿಯ ಕೆಸರು ಕಂದಕಗಳಲ್ಲಿದ್ದರು. ಎದುರಿಗಿದ್ದ ಜರ್ಮನರ ಬಳಿ ೧೯೧೩ರ ಮಾದರಿಯ ಕೈಬಾಂಬುಗಳೂ, ಗುಂಡನ್ನು ಮೇಲಕ್ಕೆ ಹಾರಿಸಿ ಕಂದಕದೊಳಕ್ಕೆ ಕೆಡಹುವ ಗಿಡ್ಡ ತೋಪುಗಳೂ ಸಿದ್ಧವಾಗಿದ್ದುವು. ೧೯೦೪–೦೫ರಲ್ಲಿ ರಷ್ಯನರೂ ಜಪಾನೀಯರೂ ಪೋರ್ಟ್ ಆರ್ಥರ್ ಮುತ್ತಿಗೆಯಲ್ಲಿ ಕೈಬಾಂಬುಗಳನ್ನೂ ಮರದ ತೋಪುಗಳನ್ನೂ ಸ್ಥಳದಲ್ಲಿಯೇ ಮಾಡಿಕೊಂಡು ಕಾದಾಡಿದುದನ್ನು ಎಲ್ಲ ದೇಶಗಳ ವೀಕ್ಷಕರೂ ನೋಡಿ ವರದಿ ಬರೆದಿದ್ದರು. ಆ ವರದಿಗಳಿಂದ ಹೆಚ್ಚಾಗಿ ಕಲಿತವರು ಜರ್ಮನರು. ಬ್ರಿಟಿಷರಲ್ಲಿದ್ದ ಒಂದೇ ಕೈಬಾಂಬಿಗೆ ಹದಿನಾರು ಅಂಗುಲದ ಹಿಡಿ. ಕಂದಕದಲ್ಲಿ ನಿಂತು ಎಸೆಯಲು ಕೈಯನ್ನು ಹಿಂದಕ್ಕೆ ಬೀಸಿದರೆ ಅದು ಹಿಂಗೋಡೆಗೆ ತಗಲಿ ಎಸೆಯುವವನ ಕೈಯಲ್ಲಿಯೇ ಸಿಡಿಯುವ ಸಂಭವವಿತ್ತು. ಅದಾದರೂ ಬೇಕಾದಷ್ಟು ಸಿಕ್ಕುತ್ತಿರಲಿಲ್ಲ.

ಹೀಗಿರಲು ಕೈಗೆ ಸಿಕ್ಕಿದ ಸಾಮಗ್ರಿಯಿಂದ ಆಯುಧ ಮಾಡಿಕೊಳ್ಳುವುದೊಂದೇ ದಾರಿಯಾಯಿತು. ಹಣ್ಣಿನ ಮುರಬ್ಬ ತುಂಬಿ ಬರುತ್ತಿದ್ದ ತಗಡಿನ ಡಬ್ಬಿಗಳಿಗೆ ಸ್ಫೋಟಕವನ್ನೂ ಮೊಳೆ, ಕಬ್ಬಿಣದ ಚೂರು, ಕತ್ತರಿಸಿದ ಮುಳ್ಳುತಂತಿಗಳನ್ನೂ ತುಂಬಿ, ಬತ್ತಿಯಿಟ್ಟು, ಬೆಂಕಿ ಹೊತ್ತಿಸಿ ಎಸೆಯತೊಡಗಿದರು. ಈ ಕೆಲಸ ಸ್ಯಾಪರ್ಸ್ ಅಂಡ್ ಮೈನರ್ಸ್ ಎಂಬ ಭಾರತೀಯ ಎಂಜಿನಿಯರ್ ಪಡೆಗಳ ಪಾಲಿಗೆ ಬಂದಿತು. ಆ ಚಳಿಗಾಲದಲ್ಲಿ ಬೆಥೂನ್ ಪಟ್ಟಣದಲ್ಲಿ ಎಂಜಿನಿಯರ್ ಅಧಿಕಾರಿ ಬ್ಯಾಟಿ ಎಂಬಾತನು ಗೀರುಗಳನ್ನು ಕೊರೆದ ಎರಕದ ಕಬ್ಬಿಣದ ಸಣ್ಣ ಕೊಳವೆಗೆ ಮದ್ದು ತುಂಬಿ ಮರದ ಬಿರಡೆ ಬಡಿದು ಒಂದು ಬಾಂಬನ್ನು ಮಾಡಿಸಿದನು. ಅದು ಅವನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಇಂತಹ ಬಾಂಬುಗಳಿಗೆ ಬತ್ತಿಯ ಉದ್ದವೇ ಗಡಿಯಾರ. ಬತ್ತಿ ಉದ್ದವಾದರೆ ಶತ್ರುವು ಎತ್ತಿಕೊಂಡು ತಿರುಗಿ ಎಸೆಯುವನು. ಗಿಡ್ಡವಾದರೆ ತನ್ನ ಕೈಯೇ ಹೋಗುವುದು. ಮಳೆಯಲ್ಲಿ ಬೆಂಕಿಕಡ್ಡಿ ಹೊತ್ತದಿದ್ದರೆ ಬಾಂಬು ಬರಿಯ ಡಬ್ಬಿ.

ಈ ಕೌಶಲದ ಬೆಲೆ ಎಷ್ಟೆಂಬುದನ್ನು ಸೇನಾಪತಿಗಳು ಅರಿತಿದ್ದರೆಂದು ಹೇಳುವುದು ಕಷ್ಟ. ೧೯೧೪ರ ಅಕ್ಟೋಬರ್ ೨೮ರಂದು ನವ್ ಶಪೆಲ್ ಗ್ರಾಮವನ್ನು ಹಿಡಿಯುವುದಕ್ಕೆ ೪೭ನೆಯ ಸಿಖ್ ಪಟಾಲಮಿನೊಡನೆ ಸ್ಯಾಪರ್ಸ್ ಅಂಡ್ ಮೈನರ್ಸಿನ ೨೦ ಮತ್ತು ೨೧ನೆಯ ಕಂಪೆನಿಗಳನ್ನು ಸಾಮಾನ್ಯ ಕಾಲಾಳುಗಳಂತೆ ಮುಂದಕ್ಕೆ ನೂಕಿದರು. ಪುಣೆಯ ಬಳಿಯ ಖಡಕಿಯಿಂದ ಹೋದ ಕಂಪೆನಿಗಳಿವು. ಬೀದಿಬೀದಿಯಲ್ಲಿ ಮನೆಮನೆಯಲ್ಲಿ ಕಾದಾಡಿ ಗ್ರಾಮವನ್ನು ಹಿಡಿದರು; ಸಹಾಯ ಬಾರದೆ ಹಿಮ್ಮೆಟ್ಟಬೇಕಾಯಿತು. ಆ ಕಂಪೆನಿಗಳ ಅಧಿಕಾರಿಗಳಲ್ಲಿ ಬಹುಮಂದಿ ಅಂದು ಸತ್ತರು ಅಥವಾ ಗಾಯಗೊಂಡರು. ಸೇತುವೆ ಕಟ್ಟಬಲ್ಲ, ಬಾಂಬು ಮಾಡಬಲ್ಲ ಕುಶಲರನ್ನು ಅದೇ ಕೌಶಲದ ಅಗತ್ಯ ಕಾಣಿಸಿಕೊಳ್ಳುತ್ತಿದ್ದ ಸಮಯದಲ್ಲಿ ಒಂದು ಹಗಲಿನಲ್ಲಿ ವ್ಯಯಮಾಡಿದ ಈ ನಿರ್ಧಾರವನ್ನು ಸಮರ್ಥಿಸುವುದು ಸುಲಭವಲ್ಲ. ೧೯೨೭ರಲ್ಲಿ ಅದೇ ನವ್ ಶಪೆಲ್‌ನಲ್ಲಿ ಭಾರತೀಯರ ಸ್ಮಾರಕವೊಂದನ್ನು ನಿಲ್ಲಿಸಿದರು. ಗೋರಿಯೂ ದೊರೆಯದ ೪,೭೦೦ಕ್ಕೂ ಹೆಚ್ಚು ಮಂದಿಯ ಹೆಸರುಗಳು ಅದರ ಗೋಡೆಯ ಮೇಲಿವೆ.

ಕಂದಕದೊಳಗಿನ ಯುದ್ಧದ ಸ್ವರೂಪ ಎಂತಹುದೆಂಬುದಕ್ಕೆ ಆ ವರ್ಷದ ನವೆಂಬರ್ ೨೩–೨೪ರ ರಾತ್ರಿ ಫೆಸ್ಟುಬರ್ಟ್ ಬಳಿ ನಡೆದುದೇ ಉದಾಹರಣೆ. ಜರ್ಮನರು ಹಿಡಿದಿದ್ದ ಕಂದಕವನ್ನು ಮರಳಿ ಪಡೆಯಲು ೩೯ನೆಯ ಗಡವಾಲ್ ರೈಫಲ್ಸಿನವರು ಒಂದು ತುದಿಯಿಂದ ಒಳನುಗ್ಗಿ ಮೂಲೆ ಮೂಲೆಯಾಗಿ ಮುಂದುವರಿದರು. ನಾಯಕ್ ದರ್ವಾನ್ ಸಿಂಗ್ ನೇಗಿಯು ತಲೆಗೆ ಎರಡು ಕಡೆ, ತೋಳಿಗೆ ಒಂದು ಕಡೆ ಗಾಯವಾಗಿದ್ದರೂ, ಪ್ರತಿಯೊಂದು ಮೂಲೆಯನ್ನೂ ಬಾಂಬು ಗುಂಡುಗಳ ಎದುರಿಗೆ ಮೊದಲು ದಾಟಿದವರಲ್ಲಿ ಒಬ್ಬನಾಗಿದ್ದನು. ವಿಕ್ಟೋರಿಯಾ ಕ್ರಾಸ್ ಪದಕವನ್ನು ಪಡೆದ ಮೊದಮೊದಲ ಭಾರತೀಯರಲ್ಲಿ ಆತನೊಬ್ಬ. ಮೂಲೆಗಳ ಎಣಿಕೆಯೇ ಅಲ್ಲಿ ಮೈಲಿಗಲ್ಲುಗಳ ಎಣಿಕೆ.

ಕೈ ಎಸೆಯಲಾರದಷ್ಟು ದೂರಕ್ಕೆ ಬಾಂಬನ್ನು ಕಳುಹಿಸುವುದು ಹೇಗೆಂಬ ಪ್ರಶ್ನೆಗೆ ದೊರೆತ ಉತ್ತರ ಇನ್ನೂ ವಿಚಿತ್ರವಾದುದು. ೧೯೧೫ರಲ್ಲಿ ಬ್ರಿಟಿಷ್ ಸೈನ್ಯವು ಲೀಚ್ ಕವಣೆಯೆಂಬ ಯಂತ್ರವನ್ನು ತರಿಸಿತು. ಹುಡುಗರು ಹಕ್ಕಿ ಹೊಡೆಯುವ ರಬ್ಬರಿನ ಕವಣೆಯನ್ನೇ ಮರದ ಚೌಕಟ್ಟಿಗೆ ದೊಡ್ಡದಾಗಿ ಕಟ್ಟಿದಂತಿದ್ದ ಅದು ಎರಡು ಪೌಂಡು ತೂಕದ ಬಾಂಬನ್ನು ಸುಮಾರು ಇನ್ನೂರು ಗಜ ಎಸೆಯುತ್ತಿತ್ತು. ಫ್ರೆಂಚರು ‘ಮಿಡತೆ’ ಎಂಬ ಅರ್ಥದ ಸೋತ್ರೆಲ್ ಎಂಬುದನ್ನು ರಚಿಸಿದರು. ಇದು ದಂಡಕ್ಕೆ ಅಡ್ಡಲಾಗಿ ಬಿಲ್ಲನ್ನು ಕೂಡಿಸಿದ, ಯೂರೋಪಿನ ಮಧ್ಯಯುಗದ ಅಡ್ಡಬಿಲ್ಲೇ ಸರಿ. ಗುಂಡಿನ ಸದ್ದಾಗಲಿ ಹೊಗೆಯಾಗಲಿ ಇಲ್ಲದಿರುವುದು ಇವುಗಳ ಗುಣ. ಆದರೂ ಇವುಗಳ ಆಯುಸ್ಸು ಬಹಳ ಕಡಮೆ. ವಿಲ್‌ಫ್ರೆಡ್ ಸ್ಟೋಕ್ಸ್ ರಚಿಸಿದ ಹಗುರವಾದ ಗಿಡ್ಡ ತೋಪೂ ವಿಲಿಯಮ್ ಮಿಲ್ಸ್ ಎಂಬವನ ಕೈಬಾಂಬೂ ಕಾರಖಾನೆಗಳಿಂದ ರಾಶಿರಾಶಿಯಾಗಿ ಬರತೊಡಗಿದೊಡನೆ ಕವಣೆಯೂ ಬಿಲ್ಲೂ ಮುರಬ್ಬದ ಡಬ್ಬಿಯೂ ಮೂಲೆ ಸೇರಿದುವು.

ಗದೆ ಮಾತ್ರ ಮೂಲೆ ಸೇರಲಿಲ್ಲ, ೧೯೧೮ರವರೆಗೂ ಉಳಿಯಿತು. ಇಲ್ಲಿರುವ ಭೇದ ಗಮನಾರ್ಹವಾದುದು. ಕವಣೆ ಬಂದುದು ಕೊರತೆಯಿಂದ. ಕೊರತೆ ತುಂಬಿದೊಡನೆ ಹೋಯಿತು. ಗದೆ ಬಂದುದು ಅಂತರದಿಂದ. ಯಾವ ಕಾರಖಾನೆಯೂ ಅದನ್ನು ಕದಲಿಸುವಂತಿರಲಿಲ್ಲ. ಕತ್ತಲೆಯಲ್ಲಿ ಹತ್ತಾರು ಮಂದಿ ಮುಳ್ಳುತಂತಿಯ ಕೆಳಗೆ ತೆವಳಿ ಶತ್ರುವಿನ ಕಂದಕಕ್ಕೆ ಇಳಿದು, ಒಬ್ಬಿಬ್ಬರನ್ನು ಸೆರೆಹಿಡಿದು, ಅಷ್ಟೇ ಬೇಗ ಹಿಂದಿರುಗುವ ರಾತ್ರಿದಾಳಿ ಆ ಯುದ್ಧದ ನಿತ್ಯಕರ್ಮವಾಗಿತ್ತು. ೧೯೧೪ರ ನವೆಂಬರಿನಲ್ಲಿ ಗಡವಾಲಿಗಳು ನಡೆಸಿದ ದಾಳಿ ಬ್ರಿಟಿಷ್ ಪಕ್ಷದ ಮೊದಮೊದಲಿನವುಗಳಲ್ಲಿ ಒಂದು. ಇಂತಹ ಕೆಲಸದಲ್ಲಿ ಒಂದು ಗುಂಡು ಹಾರಿದರೆ ಸಾಲಿಗೆ ಸಾಲೇ ಎಚ್ಚರಗೊಳ್ಳುವುದು. ಸದ್ದಿಲ್ಲದೆ, ಒಂದು ಮಾರಿನ ಒಳಗೆ, ಒಂದೇ ಏಟಿಗೆ ಕೆಲಸ ಮುಗಿಯಬೇಕು. ಅದಕ್ಕಾಗಿಯೇ ಮರದ ಹಿಡಿಗೆ ಸೀಸವನ್ನೊ ಹಲ್ಲುಚಕ್ರವನ್ನೊ ಕೂಡಿಸಿದ, ಬೂಟಿನ ಮೊಳೆಗಳನ್ನು ಸುತ್ತಲೂ ಬಡಿದ ದೊಣ್ಣೆಗಳು. ಮುಳ್ಳುತಂತಿಯ ಕಬ್ಬಿಣದ ಗೂಟವನ್ನು ಬಗ್ಗಿಸಿ ಮಸೆದ ಇರಿಗಡ್ಡಿಗಳು. ಸಾನ್ ಮಿಕೇಲೆಯಲ್ಲಿ ಸಿಕ್ಕಿದ ಗದೆಗಳನ್ನು ಇಟಲಿಯವರು ಶತ್ರುವಿನ ಪೈಶಾಚಿಕತೆಗೆ ಸಾಕ್ಷಿಯೆಂದು ಪ್ರದರ್ಶಿಸಿದರು. ನಿರಾಯುಧರಾಗಿ ಬಿದ್ದವರ ಮೇಲೆ ಅವು ಎರಗಿದುದು ಹೇಯವೇ ಸರಿ. ಆದರೆ ಗದೆಯು ಶತ್ರುವೊಬ್ಬನದೇ ಆಗಿರಲಿಲ್ಲ. ಬ್ರಿಟಿಷರ ದಾಳಿಗಾರರೂ ಅದನ್ನು ಹಿಡಿದೇ ಹೋಗುತ್ತಿದ್ದರು.

ಆಯುಧಗಳೊಡನೆ ಶಿರಸ್ತ್ರಾಣ ಕವಚಗಳೂ ಮರಳಿದುವು. ೧೯೧೪ರಲ್ಲಿ ಸೈನಿಕರು ಬಟ್ಟೆಯ ಅಥವಾ ಚರ್ಮದ ಟೋಪಿ ಧರಿಸಿ ಯುದ್ಧಕ್ಕೆ ಹೋಗಿದ್ದರು. ಕಂದಕದಲ್ಲಿ ಅಪಾಯ ಬರುವುದು ಮೇಲಿನಿಂದ: ಗಾಳಿಯಲ್ಲಿ ಸಿಡಿದ ಗುಂಡಿನ ಚೂರುಗಳು, ಕಲ್ಲು, ಮಣ್ಣು. ಜಾನ್ ಬ್ರೋಡಿ ಎಂಬವನು ೧೯೧೫ರಲ್ಲಿ ರೂಪಿಸಿದ ಬ್ರಿಟಿಷ್ ಉಕ್ಕಿನ ಟೋಪಿ, ಅಗಲವಾದ ಅಂಚುಳ್ಳ ಬೋಗುಣಿಯನ್ನು ಬೋರಲು ಹಾಕಿದಂತಿತ್ತು. ಮಧ್ಯಯುಗದ ಯೂರೋಪಿನಲ್ಲಿ ಕೋಟೆಗೋಡೆಯ ಬುಡದಲ್ಲಿ ನಿಂತು ಕಾದುವ ಕಾಲಾಳುಗಳು ಇಂತಹದನ್ನೇ ಧರಿಸುತ್ತಿದ್ದರು. ಅಪಾಯದ ದಿಕ್ಕು ಮರಳಿತು, ಆಕಾರವೂ ಮರಳಿತು. ೧೯೧೭ರಲ್ಲಿ ಅಮೆರಿಕ ಯುದ್ಧಕ್ಕೆ ಸೇರಿದಾಗ ಕವಚಗಳ ವಿಚಾರ ತಿಳಿದವರು ಬೇಕಾದರು. ಅಂಥವರು ಸೈನ್ಯದಲ್ಲಿರಲಿಲ್ಲ, ವಸ್ತುಸಂಗ್ರಹಾಲಯದಲ್ಲಿದ್ದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ಪ್ರಾಚೀನ ಆಯುಧಗಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಬ್ಯಾಷ್‌ಫರ್ಡ್ ಡೀನ್ ಎಂಬ ಪಂಡಿತನಿಗೆ ಮೇಜರ್ ಪದವಿ ಕೊಟ್ಟು ಕರೆಸಿಕೊಂಡರು. ಹಳೆಯ ಕವಚಗಳನ್ನು ರಿಪೇರಿ ಮಾಡುತ್ತಿದ್ದ ಸಂಗ್ರಹಾಲಯದ ಕಮ್ಮಾರ ದಾನಿಯೆಲ್ ತಾಷೋ ಹೊಸ ಮಾದರಿಗಳನ್ನು ಬಡಿದುಕೊಟ್ಟನು. ಈ ಅನುಭವವನ್ನು ಡೀನ್ ೧೯೨೦ರಲ್ಲಿ ಗ್ರಂಥರೂಪದಲ್ಲಿ ಹೊರತಂದನು. ವಿದ್ವತ್ತಿಗೆ ಇಂತಹ ಉಪಯೋಗ ಒದಗಿದ ಸಂದರ್ಭಗಳು ವಿರಳ.

ಹಳೆಯದು ಮರಳುವುದರ ಜೊತೆಗೆ, ಕೈಗೆ ಸಿಕ್ಕಿದುದನ್ನು ಜೋಡಿಸಿ ಮಾಡಿದ ಸಾಧನವು ಸ್ಥಿರವಾಗಿ ನೆಲೆಗೊಂಡ ನಿದರ್ಶನವೂ ಉಂಟು. ಅದು ಬೆಂಗಳೂರಿನದು. ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಪಡೆಯಲ್ಲಿದ್ದ ಕ್ಯಾಪ್ಟನ್ ಮ್ಯಾಕ್ಲಿಂಟಾಕ್ ೧೯೧೨ರಲ್ಲಿ ಬೆಂಗಳೂರಿನ ದಂಡಿನಲ್ಲಿ ಲೋಹದ ಕೊಳವೆಗಳಿಗೆ ಸ್ಫೋಟಕ ತುಂಬಿ, ಒಂದಕ್ಕೊಂದು ಸಿಕ್ಕಿಸಿ ಉದ್ದಮಾಡಿ, ದೂರದಲ್ಲಿ ನಿಂತೇ ಅಡ್ಡಗಟ್ಟುಗಳ ಕೆಳಗೆ ತಳ್ಳಿ ಸಿಡಿಸುವ ಉಪಾಯವನ್ನು ಕಂಡುಹಿಡಿದನು. ಅಮೆರಿಕದ ರೈತರು ದನಗಳನ್ನು ತಡೆಯಲೆಂದು ಬಳಸುತ್ತಿದ್ದ ಮುಳ್ಳುತಂತಿ—ಇಲಿನಾಯಿ ಪ್ರಾಂತದ ಗ್ಲಿಡನ್ ಎಂಬ ರೈತನು ೧೮೭೪ರಲ್ಲಿ ಹಕ್ಕುಪತ್ರ ಪಡೆದುದು—ಯೂರೋಪಿನಲ್ಲಿ ಮನುಷ್ಯರನ್ನು ತಡೆಯತೊಡಗಿದಾಗ ಈ ಕೊಳವೆಗೆ ತಕ್ಕ ಕೆಲಸ ದೊರೆಯಿತು. ‘ಬೆಂಗಳೂರು ಟಾರ್ಪೆಡೊ’ ಎಂಬ ಹೆಸರೇ ಎಲ್ಲೆಡೆಯೂ ರೂಢಿಗೆ ಬಂದಿತು. ೧೯೪೪ರ ಜೂನ್ ೬ರಂದು ನಾರ್ಮಂಡಿಯ ಕಡಲತೀರದಲ್ಲಿ ಅಮೆರಿಕದ ಸೈನಿಕರು ತಂತಿಬೇಲಿಗಳನ್ನು ಒಡೆದು ದಾರಿ ಮಾಡಿಕೊಂಡುದು ಇದರಿಂದಲೇ. ಬೆಂಗಳೂರು ಎಲ್ಲಿದೆಯೆಂದು ಅರಿಯದ ಸಿಪಾಯಿಯ ಬಾಯಲ್ಲಿಯೂ ಆ ಊರಿನ ಹೆಸರು ಒಂದು ಉಪಕರಣದ ಹೆಸರಾಗಿ ನಿಂತಿತು.

ಟ್ಯಾಂಕುಗಳೂ ವಿಮಾನಗಳೂ ಬೆಳೆದು ಯುದ್ಧಕ್ಕೆ ಚಲನೆ ಬಂದಮೇಲೆ ಗದೆಗಳು ಸಂಗ್ರಹಾಲಯಗಳಿಗೆ ಹೋದುವು. ಎರಡನೆಯ ಮಹಾಯುದ್ಧದಲ್ಲಿ ಹಳೆಯ ಆಯುಧವನ್ನು ಆಜ್ಞೆಯಿಂದ ಮರಳಿಸುವ ಪ್ರಯತ್ನವೊಂದು ನಡೆದು ನಗೆಪಾಟಲಾಯಿತು. ೧೯೪೧ರಲ್ಲಿ ಬ್ರಿಟನ್ನಿನ ಗೃಹರಕ್ಷಕ ದಳದ ಪ್ರತಿಯೊಬ್ಬನಿಗೂ, ಗದೆಯೊ ಭರ್ಜಿಯೊ, ಏನಾದರೊಂದು ಆಯುಧವಿರಬೇಕೆಂದು ಪ್ರಧಾನಮಂತ್ರಿ ಚರ್ಚಿಲ್ಲರು ಬರೆದರು. ಯುದ್ಧಖಾತೆಯು ಆ ಮಾತನ್ನು ಅಕ್ಷರಶಃ ಪಾಲಿಸಿ, ಉಕ್ಕಿನ ಕೊಳವೆಗೆ ಹಳೆಯ ಬಯೊನೆಟ್ಟುಗಳನ್ನು ಬೆಸೆದ ಎರಡೂವರೆ ಲಕ್ಷ ಭರ್ಜಿಗಳನ್ನು ಮಾಡಿಸಿತು. ಅದನ್ನು ಸಮರ್ಥಿಸಹೊರಟ ಉಪಮಂತ್ರಿ ಕ್ರಾಫ್ಟನ ಹೆಸರು ಆ ಭರ್ಜಿಗಳಿಗೆ ಅಂಟಿಕೊಂಡಿತು. ಅವುಗಳಲ್ಲಿ ಬಹುಪಾಲು ಉಗ್ರಾಣವನ್ನು ಬಿಟ್ಟು ಹೊರಡಲೇ ಇಲ್ಲ. ಕಂದಕದ ಗದೆ ರಣರಂಗದಿಂದ ಮೇಲಕ್ಕೆ ಬಂದುದು; ಈ ಭರ್ಜಿ ಕಚೇರಿಯಿಂದ ಕೆಳಕ್ಕೆ ಬಂದುದು. ಭರ್ಜಿಗೆ ತಕ್ಕ ಅಂತರ ಅಲ್ಲಿ ಹುಟ್ಟಿಯೇ ಇರಲಿಲ್ಲ. ಅದಕ್ಕೆ ಎರಡು ವರ್ಷಗಳ ಮುಂಚೆ, ೧೯೩೯–೪೦ರ ಚಳಿಗಾಲದಲ್ಲಿ, ಫಿನ್‌ಲೆಂಡಿನವರು ರಷ್ಯದ ಟ್ಯಾಂಕುಗಳ ಮೇಲೆ ಎಸೆದ ಬೆಂಕಿಯ ಸೀಸೆಗಳಾದರೋ ನಿಜವಾಗಿ ಕೆಲಸ ಮಾಡಿದುವು. ಟ್ಯಾಂಕು ಹತ್ತು ಗಜದೊಳಗೆ ಬಂದರೆ ತನ್ನ ಬುಡದಲ್ಲಿರುವವನನ್ನು ತಾನೇ ಕಾಣದು. ಆ ಕುರುಡು ಹತ್ತು ಗಜವೇ ಸೀಸೆಯ ರಾಜ್ಯ.

ಇದೇ ಸಂದರ್ಭದಲ್ಲಿ ನೆಲದ ಮುಳ್ಳುಗಳ ವಿಷಯವನ್ನೂ ಹೇಳಬಹುದು. ಹೇಗೆ ಎಸೆದರೂ ಒಂದು ಮೊನೆ ಮೇಲಕ್ಕೆ ನಿಲ್ಲುವಂತೆ ನಾಲ್ಕು ಮೊನೆಗಳಿರುವ ಕಬ್ಬಿಣದ ಮುಳ್ಳು ಕುದುರೆಗಳ ಕಾಲಿಗೆಂದು ಹುಟ್ಟಿದುದು. ರೋಮನರು ಅದನ್ನು ತ್ರಿಬುಲುಸ್ ಎಂದು ಕರೆದರು. ನೆಗ್ಗಿಲುಮುಳ್ಳಿಗೂ ಲ್ಯಾಟಿನಿನಲ್ಲಿ ಅದೇ ಹೆಸರು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಟೆಯ ಹೊರದಾರಿಯಲ್ಲಿ ಹೂಳಿಡಬೇಕಾದ ಅಡಚಣೆಗಳ ಪಟ್ಟಿಯಿದೆ. ಅದರಲ್ಲಿ ‘ಶ್ವದಂಷ್ಟ್ರಾ’ ಎಂಬುದೊಂದು. ಆಯುರ್ವೇದದಲ್ಲಿ ಶ್ವದಂಷ್ಟ್ರಾ ಎಂದರೆ ನೆಗ್ಗಿಲು. ಒಂದೇ ಗಿಡದ ಕಾಯನ್ನು ನೋಡಿ ಎರಡು ನಾಡಿನವರು ಒಂದೇ ಬಗೆಯ ಹೆಸರಿಟ್ಟಂತೆ ತ�ೋರುತ್ತದೆ. ಕುದುರೆ ಹೋದಮೇಲೆ ಈ ಮುಳ್ಳು ಹೋಗಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಗುಪ್ತಚರ ಇಲಾಖೆಯು ಟೊಳ್ಳು ಮೊನೆಯ ಮುಳ್ಳುಗಳನ್ನು ಮಾಡಿಸಿತು. ತೂತನ್ನು ತಾನೇ ಮುಚ್ಚಿಕೊಳ್ಳುವ ರಬ್ಬರ್ ಚಕ್ರದಿಂದಲೂ ಆ ಟೊಳ್ಳಿನ ಮೂಲಕ ಗಾಳಿ ಹೊರಡುತ್ತಿತ್ತು. ೨೦೨೨ರಲ್ಲಿ ಆರಂಭವಾದ ರಷ್ಯ-ಯುಕ್ರೇನ್ ಯುದ್ಧದಲ್ಲಿ ಇಂತಹ ಮುಳ್ಳುಗಳನ್ನು ಚಾಲಕರಹಿತ ಪುಟ್ಟ ವಿಮಾನಗಳಿಂದ ದಾರಿಗಳ ಮೇಲೆ ಚೆಲ್ಲಿದರು. ಆ ಪುಟ್ಟ ವಿಮಾನಗಳನ್ನು ತಡೆಯಲು ಯುಕ್ರೇನಿನ ರಸ್ತೆಗಳ ಮೇಲೆ ಚಪ್ಪರದಂತೆ ಬಲೆ ಕಟ್ಟಿದರು. ಯೂರೋಪಿನ ಮೀನುಗಾರರು ಬಳಸಿ ಬಿಟ್ಟ ಬಲೆಗಳೂ ಅದಕ್ಕೆ ಒದಗಿದುವು. ಹಕ್ಕಿ ಹೊಡೆಯುವ ಚರೆಬಂದೂಕು ಸಿಪಾಯಿಯ ಹೆಗಲೇರಿತು.

ಇಲ್ಲಿಯವರೆಗೆ ಹೇಳಿದ ಪುನರಾಗಮನಗಳಲ್ಲೆಲ್ಲ ಅಂತರವನ್ನು ಕಿರಿದುಗೊಳಿಸಿದುದು ಯಂತ್ರ ಅಥವಾ ಕೊರತೆ. ಭಾರತದ ಉತ್ತರದ ಗಡಿಯಲ್ಲಿ ಅದನ್ನು ಕಿರಿದುಗೊಳಿಸಿದುದು ಒಂದು ಒಪ್ಪಂದ. ೧೯೯೬ರ ನವೆಂಬರ್ ೨೯ರಂದು ದೆಹಲಿಯಲ್ಲಿ ಭಾರತವೂ ಚೀನವೂ ಸಹಿಮಾಡಿದ ಒಪ್ಪಂದದ ಪ್ರಕಾರ ವಾಸ್ತವಿಕ ನಿಯಂತ್ರಣ ರೇಖೆಯಿಂದ ಎರಡು ಕಿಲೋಮೀಟರಿನ ಒಳಗೆ ಯಾರೂ ಗುಂಡು ಹಾರಿಸಕೂಡದು. ಈ ಕಟ್ಟಳೆಯನ್ನು ಲಘುವಾಗಿ ಕಾಣುವುದು ನ್ಯಾಯವಲ್ಲ. ಗಡಿ ಎಲ್ಲಿದೆಯೆಂಬುದನ್ನೇ ಒಪ್ಪದ ಎರಡು ದೊಡ್ಡ ಸೈನ್ಯಗಳು ಅನೇಕ ವರ್ಷ ಎದುರುಬದುರು ತಿರುಗಾಡಿಯೂ ಒಂದು ಗುಂಡೂ ಹಾರದಂತೆ ಇದ್ದುದಕ್ಕೆ ಇಂತಹ ಕಟ್ಟಳೆಗಳೂ ಕಾರಣ. ಆದರೆ ರೇಖೆಯ ಬಗೆಗಿನ ವಿವಾದ ತೀರಲಿಲ್ಲ. ಆಯುಧಕ್ಕೆ ಮಾತ್ರ ಮಿತಿ ಬಂದಿತು. ತಳ್ಳಾಟ, ಕಲ್ಲೆಸೆತ, ಬಡಿದಾಟಗಳು ಅಲ್ಲಿ ಆಗಾಗ ಕಾಣಿಸಿಕೊಳ್ಳತೊಡಗಿದುವು.

೨೦೨೦ರ ಜೂನ್ ೧೫ರ ರಾತ್ರಿ ಲಡಾಖಿನ ಗಲ್ವಾನ್ ಕಣಿವೆಯಲ್ಲಿ, ಹದಿನಾಲ್ಕು ಸಾವಿರ ಅಡಿಯ ಎತ್ತರದಲ್ಲಿ, ಹೆಪ್ಪುಗಟ್ಟುವಷ್ಟು ತಣ್ಣನೆಯ ನದಿಯ ದಡದಲ್ಲಿ ಎರಡು ಸೈನ್ಯಗಳ ಆಳುಗಳು ಕಬ್ಬಿಣದ ಸಲಾಕಿ, ಮೊಳೆ ಜಡಿದ ದೊಣ್ಣೆ, ಕಲ್ಲುಗಳಿಂದ ಗಂಟೆಗಟ್ಟಲೆ ಹೊಡೆದಾಡಿದರು. ಹದಿನಾರನೆಯ ಬಿಹಾರ್ ಪಟಾಲಮಿನ ನಾಯಕ ಕರ್ನಲ್ ಸಂತೋಷ್ ಬಾಬು ಸೇರಿ ಇಪ್ಪತ್ತು ಮಂದಿ ಭಾರತೀಯರು ಮಡಿದರು. ತನ್ನವರಲ್ಲಿ ನಾಲ್ವರು ಸತ್ತರೆಂದು ಚೀನವು ೨೦೨೧ರ ಫೆಬ್ರವರಿಯಲ್ಲಿ ಒಪ್ಪಿಕೊಂಡಿತು. ೧೯೭೫ರಿಂದೀಚೆಗೆ ಆ ಗಡಿಯಲ್ಲಿ ಕಾಳಗದಿಂದ ಸಾವು ಸಂಭವಿಸಿದುದು ಅದೇ ಮೊದಲು. ನಮ್ಮ ಸೈನಿಕರನ್ನು ನಿರಾಯುಧರಾಗಿ ಕಳುಹಿಸಲಾಯಿತೆ ಎಂಬ ಪ್ರಶ್ನೆ ಎದ್ದಾಗ ವಿದೇಶಾಂಗ ಮಂತ್ರಿ ಜೈಶಂಕರ್ ಕೊಟ್ಟ ಉತ್ತರ ಗಮನಾರ್ಹವಾದುದು: ಅವರ ಬಳಿ ಶಸ್ತ್ರಗಳಿದ್ದುವು, ೧೯೯೬ ಮತ್ತು ೨೦೦೫ರ ಒಪ್ಪಂದಗಳನ್ನು ಅನುಸರಿಸಿ ಮುಖಾಮುಖಿಯಲ್ಲಿ ಅವನ್ನು ಬಳಸದಿರುವುದು ಬಹುಕಾಲದ ರೂಢಿ. ಫೆಸ್ಟುಬರ್ಟಿನ ಸಿಪಾಯಿಗೆ ಬಂದೂಕು ಉಪಯೋಗಕ್ಕೆ ಬಾರದುದು ಓಣಿ ಇಕ್ಕಟ್ಟಾದುದರಿಂದ. ಗಲ್ವಾನಿನ ಸಿಪಾಯಿಗೆ ಬಯಲು ವಿಶಾಲವಾಗಿಯೇ ಇತ್ತು, ಇಕ್ಕಟ್ಟಾಗಿದ್ದುದು ಕಟ್ಟಳೆ.

ಗಲ್ವಾನಿನ ತರುವಾಯ ಅದೇ ೨೦೨೦ರ ಸೆಪ್ಟೆಂಬರಿನಲ್ಲಿ ಪಾಂಗೋಂಗ್ ಸರೋವರದ ಬಳಿ ಗಾಳಿಯಲ್ಲಿ ಗುಂಡುಗಳು ಹಾರಿದುವು. ೨೦೨೨ರ ಡಿಸೆಂಬರ್ ೯ರಂದು ಅರುಣಾಚಲದ ಯಾಂಗ್ತ್ಸೆಯಲ್ಲಿ ಮತ್ತೆ ಕೈಕೈ ಮಿಲಾಯಿಸಿ ಎರಡು ಕಡೆಯವರಿಗೂ ಗಾಯಗಳಾದುವು, ಗುಂಡು ಹಾರಲಿಲ್ಲ. ೨೦೨೪ರ ಅಕ್ಟೋಬರಿನಲ್ಲಿ ದೆಪ್ಸಾಂಗ್ ಮತ್ತು ದೆಮ್‌ಚೋಕ್‌ಗಳಲ್ಲಿ ಗಸ್ತು ತಿರುಗುವ ವಿಷಯದಲ್ಲಿ ಒಂದು ಏರ್ಪಾಡಾಯಿತು. ಬಲಪ್ರಯೋಗ ಕೂಡದೆಂಬ ಸಾಮಾನ್ಯವಾದ ಮಾತು ೧೯೯೩ರ ಒಪ್ಪಂದದಲ್ಲಿಯೇ ಉಂಟು. ಬಿಡಿಬಿಡಿಯಾಗಿ ಹೆಸರಿಸಿ ನಿಷೇಧಿಸಿರುವುದು ೧೯೯೬ರ ಒಪ್ಪಂದದ ಆರನೆಯ ಅನುಚ್ಛೇದ. ಗುಂಡು ಹಾರಿಸುವುದು, ಅಪಾಯಕರವಾದ ರಾಸಾಯನಿಕಗಳು, ಸಿಡಿಮದ್ದು, ಬಂದೂಕು ಹಿಡಿದು ಬೇಟೆಯಾಡುವುದು—ಇಷ್ಟೂ ಅದರಲ್ಲಿವೆ. ದೊಣ್ಣೆಯ ಹೆಸರಿಲ್ಲ.